ಜೀಪಿನ ಹಲ್ಲಿನ ಲೆಕ್ಕ

ಅಂತಿಮ ತರಗತಿಯವರು ವಾರ್ಷಿಕ ಸಂಚಿಕೆಗೆ ಏನಾದರೊಂದನ್ನು ಬರೆದುಕೊಡಲೇಬೇಕೆಂದು ನಮ್ಮ ಕನ್ನಡ ಅಧ್ಯಾಪಕರು ಅಪ್ಪಣೆ ಮಾಡಿದಾಗ ನನಗೆ ದಿಕ್ಕು ತೋಚಲಿಲ್ಲ. ಗೆಳೆಯರು ವಚನಕಾರರನ್ನೂ ವಿಜಯನಗರವನ್ನೂ ಮೊದಲೇ ಹಂಚಿಕೊಂಡುಬಿಟ್ಟಿದ್ದರು. ನಾನು ಇತಿಹಾಸದ ವಿದ್ಯಾರ್ಥಿ. ಆದರೂ ಕಳೆದ ಒಂದು ವರ್ಷದಲ್ಲಿ ನಾನು ಮನಸ್ಸಿಟ್ಟು ಕಲಿತ ಪಾಠವೊಂದಿದ್ದರೆ ಅದು ನಮ್ಮ ಮನೆಯ ಜೀಪಿನ ಅಡಿಯಲ್ಲಿ ಮಲಗಿ ಕಲಿತದ್ದು. ಅದನ್ನೇ ಬರೆಯುತ್ತಿದ್ದೇನೆ. ಕಲಾ ಕಾಲೇಜಿನ ಸಂಚಿಕೆಯಲ್ಲಿ ಹಲ್ಲುಚಕ್ರಗಳಿಗೇನು ಕೆಲಸವೆಂದು ಗುರುಗಳು ಕೇಳಿದರೆ, ಮಲೆನಾಡಿನಿಂದ ಬರುವ ನಮ್ಮಂಥ ಹುಡುಗರ ಹಾಸ್ಟೆಲಿನ ಖರ್ಚು ಅಂಥ ಚಕ್ರಗಳ ಮೇಲೆಯೇ ಉರುಳಿಕೊಂಡು ಬರುತ್ತದೆಂದು ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮೂರು ಮೂಡಿಗೆರೆ ತಾಲ್ಲೂಕಿನಲ್ಲಿ, ಕೊಟ್ಟಿಗೆಹಾರದ ಕಡೆ. ಅಪ್ಪಯ್ಯನಿಗೆ ಒಂದು ಹಳೆಯ ಜೀಪು ಉಂಟು. ತೋಟಗಳಿಗೆ ಗೊಬ್ಬರ, ತೋಟದಿಂದ ಪೇಟೆಗೆ ಕಾಫಿ, ಮೆಣಸು, ಒಮ್ಮೊಮ್ಮೆ ಆಸ್ಪತ್ರೆಗೆ ಬಾಣಂತಿ, ಹೀಗೆ ಬಾಡಿಗೆ ಹೊಡೆದು ಸಂಸಾರ ಸಾಗಿಸುತ್ತಾರೆ. ಅವರು ಓದಿದವರಲ್ಲ; ರುಜು ಮಾಡುತ್ತಾರೆ, ಅಂಕಿಗಳನ್ನು ಗುರುತಿಸುತ್ತಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದಕಾರಣ ಕಾಗದಪತ್ರದ ಕೆಲಸವೆಲ್ಲ ನನ್ನ ಪಾಲಿಗೆ ಬರುತ್ತದೆ. ಕಳೆದ ವರ್ಷ ಫೆಬ್ರವರಿಯಲ್ಲಿ ಜೀಪಿನ ಹಿಂದಿನ ಅಚ್ಚಿನೊಳಗೆ ಪಿನಿಯನ್ನಿನ ಒಂದು ಹಲ್ಲು ಮುರಿದಾಗ, ಬೆಂಗಳೂರಿಗೆ ಹೋಗಿ ಹಳೆಯ ಸಾಮಾನಿನ ಅಂಗಡಿಯಿಂದ ಹೊಸ ಜೋಡಿಯನ್ನು ತರುವ ಕೆಲಸವೂ ಹಾಗೆಯೇ ನನ್ನ ಪಾಲಿಗೆ ಬಂತು. "ನೀನು ಓದಿದವ, ನೋಡಿ ತಗೊಂಡು ಬಾ ಮಾರಾಯ" ಎಂದು ಅಪ್ಪಯ್ಯ ಹಣ ಎಣಿಸಿ ಕೊಟ್ಟರು.

ಮುಂದಿನದನ್ನು ಹೇಳುವ ಮೊದಲು ಈ ಅಚ್ಚಿನೊಳಗೆ ಏನಿದೆಯೆಂಬುದನ್ನು ಸ್ವಲ್ಪ ವಿವರಿಸಬೇಕು.

ಎಂಜಿನ್ನಿನ ಶಕ್ತಿ ಗೇರುಪೆಟ್ಟಿಗೆಯನ್ನು ದಾಟಿ ಪ್ರೊಪೆಲರ್ ಶಾಫ್ಟ್ ಎಂಬ ಉದ್ದನೆಯ ದಂಡದ ಮೂಲಕ ಅಚ್ಚಿನ ನಡುವಿನ ಗುಂಡನೆಯ ಪೆಟ್ಟಿಗೆಗೆ ಬರುತ್ತದೆ. ಅಲ್ಲಿ ದಂಡದ ತುದಿಗೆ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವೂ, ಅದಕ್ಕೆ ಅಡ್ಡಲಾಗಿ ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವೂ ಇರುತ್ತವೆ. ದಂಡದ ತಿರುಗನ್ನು ಗಾಲಿಗಳ ಕಡೆಗೆ ಅಡ್ಡ ತಿರುಗಿಸುವುದು, ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವುದು, ಇವೆರಡೂ ಈ ಜೋಡಿಯ ಕೆಲಸ. ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 39 ಹಲ್ಲು ಇದ್ದರೆ, ಗಾಲಿ ಒಂದು ಸುತ್ತು ಸುತ್ತಲು ದಂಡ 4.875 ಸುತ್ತು ಸುತ್ತಬೇಕು. ಕ್ರೌನಿಗೆ 43 ಹಲ್ಲಿದ್ದರೆ 5.375 ಸುತ್ತು. ಗಣಿತವೆಂದರೆ ಇಷ್ಟೇ.

ಕ್ರೌನಿನ ಮಧ್ಯೆ ಇನ್ನೊಂದು ಚಿಕ್ಕ ಸಂಸಾರವುಂಟು; ನಿಜವಾದ ಡಿಫರೆನ್ಷಿಯಲ್ ಅದೇ. ಎನ್.ಸಿ.ಸಿ. ಕವಾಯತಿನಲ್ಲಿ ಸಾಲು ಬಲಕ್ಕೆ ಹೊರಳುವಾಗ ಒಳತುದಿಯವನು ನಿಂತಲ್ಲೇ ಹೆಜ್ಜೆ ಹಾಕುತ್ತಾನೆ, ಹೊರತುದಿಯವನು ದಾಪುಗಾಲು ಹಾಕುತ್ತಾನೆ. ತಿರುವಿನಲ್ಲಿ ಗಾಲಿಗಳಿಗೂ ಅದೇ ಅವಸ್ಥೆ. ಎತ್ತಿನ ಗಾಡಿಗೆ ಈ ತೊಂದರೆಯಿಲ್ಲ. ಅದರ ಎರಡು ಗಾಲಿಗಳೂ ಅಚ್ಚಿನ ಮೇಲೆ ತಮ್ಮಷ್ಟಕ್ಕೆ ತಿರುಗುತ್ತವೆ, ಎಳೆಯುವವು ಎತ್ತುಗಳು. ಮೋಟಾರಿನಲ್ಲಿ ಗಾಲಿಗಳೇ ಎಳೆಯಬೇಕಾದುದರಿಂದ ಎರಡಕ್ಕೂ ಬಲವನ್ನು ಕೊಟ್ಟು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಉಪಾಯ ಬೇಕು. ಅಂಥದೊಂದನ್ನು 19ನೆಯ ಶತಮಾನದ ಮೊದಲರ್ಧದಲ್ಲೇ ಫ್ರಾನ್ಸಿನ ಓನೆಸಿಫೋರ್ ಪೆಕ್ಯೂರ್ ಎಂಬಾತ ಹಬೆಯ ಬಂಡಿಗೆ ಅಳವಡಿಸಿದನು. ಗ್ಯಾರೇಜಿನಲ್ಲಿ 'ಡಿಫರೆನ್ಷಿಯಲ್ ಬದಲಿಸುವುದು' ಎಂದರೆ ಸಾಮಾನ್ಯವಾಗಿ ಈ ಚಿಕ್ಕ ಸಂಸಾರವನ್ನಲ್ಲ, ಅದನ್ನು ಹೊತ್ತ ಕ್ರೌನ್-ಪಿನಿಯನ್ ಜೋಡಿಯನ್ನು ಬದಲಿಸುವುದು ಎಂದೇ ಅರ್ಥ.

ಈಗ ನನ್ನ ತಪ್ಪಿನ ಕಥೆ. ನಮ್ಮ ಜೀಪಿನ ನೋಂದಣಿ ಪತ್ರದಲ್ಲಿ ಸಿಜೆ-3ಬಿ ಎಂದಿದೆ. ಇತಿಹಾಸದ ವಿದ್ಯಾರ್ಥಿಯಾದ ನಾನು ಸುಮ್ಮನೆ ಹೋಗಲಿಲ್ಲ, ಓದಿಕೊಂಡು ಹೋದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರವರೆಗೆ, ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಆ ಸೇನಾ ಜೀಪಿನ ಅಚ್ಚಿನಲ್ಲಿ 8ಕ್ಕೆ 39 ಹಲ್ಲು. ಯುದ್ಧ ಮುಗಿದ ಮೇಲೆ ಅದೇ ವಾಹನವನ್ನು ರೈತರಿಗೆ ಮಾರಲು ಹೊರಟಾಗ ಉಳುಮೆಗೂ ಹೊರೆಗೂ ಬಲ ಸಾಲದೆಂದು 8ಕ್ಕೆ 43 ಮಾಡಿದರು. ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆ 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. 1953ರಲ್ಲಿ ಅಮೆರಿಕದಲ್ಲಿ ಹೊರಬಂದ ಸಿಜೆ-3ಬಿ ಅಲ್ಲಿ 1968ರಲ್ಲಿ ನಿಂತುಹೋದ ಬಳಿಕವೂ ಇಲ್ಲಿ ತಯಾರಾಗುತ್ತಿತ್ತು. ಅದಕ್ಕೂ 8ಕ್ಕೆ 43. ಇದೆಲ್ಲ ಸರಿಯಾದ ಮಾಹಿತಿಯೇ. ಅಂಗಡಿಯಲ್ಲಿ "ಸಿಜೆ-3ಬಿ, ಹಿಂದಿನ ಕ್ರೌನ್-ಪಿನಿಯನ್" ಎಂದು ಕೇಳಿದೆ. ಅಂಗಡಿಯವರು ನಾನು ಕೇಳಿದ್ದನ್ನೇ ಕೊಟ್ಟರು. ಊರಿಗೆ ತಂದೆ. ಮೂಡಿಗೆರೆಯ ಹಳೆಯ ಮೇಸ್ತ್ರಿಗಳು ಆಗ ಮಗಳ ಮನೆಗೆ ಹೋಗಿದ್ದುದರಿಂದ ಅವರ ಶಿಷ್ಯನೊಬ್ಬ ಅದನ್ನು ಕೂರಿಸಿಕೊಟ್ಟ. ಒಂದು ಕೂದಲಿನಷ್ಟೂ ತಕರಾರಿಲ್ಲದೆ ಕುಳಿತಿತು. ಅದೇ ಮೋಸವಾಯಿತು. ಹೊಂದದೆ ಹೋಗಿದ್ದರೆ ಅಂದೇ ತಿಳಿಯುತ್ತಿತ್ತು.

ನಮ್ಮ ಜೀಪು ಪುಸ್ತಕದಂತೆ ಇರಲಿಲ್ಲ. ನಮಗಿಂತ ಮೊದಲು ಅದನ್ನು ಇಟ್ಟುಕೊಂಡಿದ್ದವರು ಯಾರೋ ಡಾಂಬರು ರಸ್ತೆಯಲ್ಲಿ ಬೇಗ ಓಡಲೆಂದು ಹಿಂದೆಯೂ ಮುಂದೆಯೂ 8ಕ್ಕೆ 39ರ ಜೋಡಿ ಹಾಕಿಸಿದ್ದರು. ಮುರಿದ ಹಳೆಯ ಕ್ರೌನು ನಮ್ಮ ಕೊಟ್ಟಿಗೆಯ ಮೂಲೆಯಲ್ಲೇ ಬಿದ್ದಿತ್ತು. ಒಂದು ಬೆರಳಿಟ್ಟು ಅದರ ಹಲ್ಲು ಎಣಿಸಿದ್ದರೆ ಮುಗಿಯುತ್ತಿತ್ತು. ನಾನು ಎಣಿಸಲಿಲ್ಲ.

ಫೆಬ್ರವರಿಯಿಂದ ಮೇ ಕೊನೆಯವರೆಗೆ ಜೀಪು ಚೆನ್ನಾಗಿಯೇ ಓಡಿತು. ಒಣ ರಸ್ತೆಯಲ್ಲಿ ಹಿಂದಿನ ಗಾಲಿಗಳು ಮಾತ್ರ ಎಳೆಯುತ್ತವೆ. ಮುಂದಿನ ಅಚ್ಚಿನೊಳಗೆ ಏನಿದೆಯೆಂದು ಹಿಂದಿನದು ಕೇಳುವುದಿಲ್ಲ. "ಈಗ ಏರು ಹತ್ತಲಿಕ್ಕೆ ಸ್ವಲ್ಪ ಸಲೀಸು" ಎಂದು ಅಪ್ಪಯ್ಯ ಒಂದೆರಡು ಸಲ ಹೇಳಿದ್ದೂ ಉಂಟು. ಅದೂ ನಿಜವೇ. ಅವರ ಬೆನ್ನು ಗುರುತಿಸಿದ್ದನ್ನು ನನ್ನ ಬುದ್ಧಿ ವಿಚಾರಿಸಲಿಲ್ಲ.

ಜೂನ್ ಎರಡನೆಯ ವಾರ ಮಳೆ ಹಿಡಿಯಿತು. ರಜೆಯಲ್ಲಿ ಊರಿಗೆ ಹೋಗಿದ್ದ ನಾನೂ ಅಂದು ಜೀಪಿನಲ್ಲಿದ್ದೆ. ಹಿಂದೆ ಗೊಬ್ಬರದ ಮೂಟೆಗಳು, ಮೂಟೆಗಳ ಮೇಲೆ ತೋಟದ ಮೂವರು ಆಳುಗಳು. ತೋಟದ ದಾರಿ ಮೊದಲು ಸ್ವಲ್ಪ ದೂರ ಕಾಂಕ್ರೀಟಿನ ಕಡಿದಾದ ಏರು, ಆಮೇಲೆ ಕೆಸರಿನ ತಿರುವು. ಏರಿನ ಬುಡದಲ್ಲಿ ಅಪ್ಪಯ್ಯ ಸನ್ನೆಗೋಲು ಎಳೆದು ನಾಲ್ಕು ಗಾಲಿಗಳಿಗೂ ಬಲ ಕೊಟ್ಟರು. ಹತ್ತು ಮಾರು ಹೋಗುವುದರೊಳಗೆ ಮುಂದಿನ ಟೈರುಗಳು ಕಾಂಕ್ರೀಟನ್ನು ಕೆರೆಯತೊಡಗಿದವು, ಅಡಿಯಲ್ಲೆಲ್ಲೋ ಬಿಗಿದ ಹಗ್ಗದಂಥ ನರಳಾಟ ಕೇಳಿಸಿತು. ಸನ್ನೆಗೋಲನ್ನು ಹಿಂದಕ್ಕೆ ತಳ್ಳಲು ನೋಡಿದರು. ಅದು ಕಚ್ಚಿಕೊಂಡು ಜಗ್ಗಲಿಲ್ಲ. ಅಪ್ಪಯ್ಯ ತಲೆ ಹೊರಗೆ ಹಾಕಿ, "ಇಳೀರೋ ಎಲ್ರೂ, ಗಾಡಿ ಸರಿ ಇಲ್ಲ!" ಎಂದು ಕೂಗಿದರು. ಆಳುಗಳು ಧುಮುಕಿದರು. "ನೀನೂ ಇಳಿ ಮಗಾ" ಎಂದರು. ನಾನು ಇಳಿದೆ. ಬಡಕಲು ಬ್ರೇಕನ್ನು ನಂಬಿ ಆ ಏರಿನಲ್ಲಿ ಹಿಂದಕ್ಕೆ ಬಿಡುವ ಹಾಗಿರಲಿಲ್ಲ, ಮೇಲಕ್ಕೇ ಎಳೆಸಿದರು. ತಿರುವಿಗೆ ಬರುವಷ್ಟರಲ್ಲಿ ಮುಂದಿನ ದಂಡದ ಯೂನಿವರ್ಸಲ್ ಜಾಯಿಂಟಿನ ಕ್ರಾಸು ಪಟಾರನೆ ಮುರಿಯಿತು. ಬರೀ ಹಿಂದಿನ ಗಾಲಿಗಳು ಕೆಸರಿನಲ್ಲಿ ಸುತ್ತಿದವು. ಜೀಪು ಅಡ್ಡ ತಿರುಗಿ, ಅಪ್ಪಯ್ಯನ ಸಮೇತ ಹಿಂದಕ್ಕೆ ಜಾರಿ, ಇಪ್ಪತ್ತಡಿ ಕೆಳಗೆ ಒಂದು ಸಿಲ್ವರ್ ಮರಕ್ಕೆ ಒರಗಿ ನಿಂತಿತು. ಆ ಮರದಾಚೆಗೆ ಏನಿತ್ತೆಂಬುದನ್ನು ನಾನು ಬರೆಯುವುದಿಲ್ಲ. ನಮ್ಮ ಕಡೆಯ ತೋಟಗಳನ್ನು ನೋಡಿದವರಿಗೆ ಗೊತ್ತು.

ಅಪ್ಪಯ್ಯನಿಗೆ ಮೊಣಕೈ ತರಚಿತ್ತು, ಅಷ್ಟೇ. ಮರುದಿನ ಹಳೆಯ ಮೇಸ್ತ್ರಿಗಳು ಬಂದರು. ಮುರಿದ ಕ್ರಾಸನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ನೋಡಿ, ನನ್ನ ಕಡೆ ತಿರುಗಿ, "ಹಲ್ಲು ಎಣಿಸಿದ್ಯಾ?" ಎಂದು ಕೇಳಿದರು. ಬೇರೇನನ್ನೂ ಕೇಳಲಿಲ್ಲ.

ಪೆಟ್ಟಿಗೆಯನ್ನು ಬಿಚ್ಚದೆಯೇ ಎಣಿಸುವ ಉಪಾಯವನ್ನು ಅವರು ಅಂದು ತೋರಿಸಿದರು. ಜೀಪಿರುವ ಸಹಪಾಠಿಗಳಿಗಾಗಿ ಇದನ್ನು ವಿವರವಾಗಿ ಬರೆಯುತ್ತೇನೆ. ಸಮನೆಲದಲ್ಲಿ ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲಿನಲ್ಲಿಟ್ಟು, ನಾಲ್ಕು ಗಾಲಿಯ ಸನ್ನೆಯನ್ನು ಬಿಡಿಸಿ, ಅಚ್ಚಿನ ಒಂದು ಬದಿಯನ್ನು ಮಾತ್ರ ಜಾಕಿನಿಂದ ಎತ್ತಬೇಕು. ಎತ್ತಿದ ಗಾಲಿಗೂ, ಪ್ರೊಪೆಲರ್ ಶಾಫ್ಟಿಗೂ ಸೀಮೆಸುಣ್ಣದಿಂದ ಗುರುತು ಹಾಕಿ, ಗಾಲಿಯನ್ನು ಸರಿಯಾಗಿ ಎರಡು ಸುತ್ತು ತಿರುಗಿಸಬೇಕು. ಎರಡು ಏಕೆಂದರೆ, ಒಂದು ಗಾಲಿ ನೆಲದಲ್ಲಿ ನಿಂತಿರುವಾಗ ಡಿಫರೆನ್ಷಿಯಲ್ ತನ್ನ ಕೆಲಸ ಮಾಡಿ ಇನ್ನೊಂದನ್ನು ಕ್ರೌನಿನ ಇಮ್ಮಡಿ ವೇಗದಲ್ಲಿ ತಿರುಗಿಸುತ್ತದೆ. ಗಾಲಿಯ ಎರಡು ಸುತ್ತು ಕ್ರೌನಿನ ಒಂದು ಸುತ್ತಿಗೆ ಸಮ. ಅಷ್ಟರಲ್ಲಿ ದಂಡ ಎಷ್ಟು ಸುತ್ತಿತೆಂದು ಇನ್ನೊಬ್ಬರು ಅಡಿಯಲ್ಲಿ ಮಲಗಿ ಎಣಿಸಬೇಕು. ನಾನು ಮಲಗಿದೆ, ಅಪ್ಪಯ್ಯ ಗಾಲಿ ತಿರುಗಿಸಿದರು. ಮುಂದಿನ ಅಚ್ಚಿನಲ್ಲಿ ಐದಕ್ಕೆ ಅರೆಪಾವು ಕಡಿಮೆ. ಹಿಂದಿನದರಲ್ಲಿ ಐದೂಕಾಲು ದಾಟಿ ಐದೂವರೆಗೆ ಮುಟ್ಟದಷ್ಟು. ನಡುವಿನ ಅಂತರ ಸರಿಯಾಗಿ ಅರ್ಧ ಸುತ್ತು.

ಈ ಅರ್ಧ ಸುತ್ತು ಏನು ಮಾಡುತ್ತದೆಂಬುದನ್ನು ನೋಡೋಣ. ನಮ್ಮ ಬಗೆಯ ಜೀಪಿನಲ್ಲಿ ನಾಲ್ಕು ಗಾಲಿಗೆ ಬಲ ಕೊಟ್ಟಾಗ ಮುಂದಿನ ದಂಡವೂ ಹಿಂದಿನ ದಂಡವೂ ಟ್ರಾನ್ಸ್‌ಫರ್ ಕೇಸಿನಲ್ಲಿ ಒಂದಕ್ಕೊಂದು ಕಚ್ಚಿಕೊಂಡು ಸಮವೇಗದಲ್ಲಿ ತಿರುಗುತ್ತವೆ. ಎರಡು ಗಾಲಿಗಳ ನಡುವೆ ಇರುವಂಥ ಡಿಫರೆನ್ಷಿಯಲ್ ಈ ಎರಡು ದಂಡಗಳ ನಡುವೆ ಇಲ್ಲ. ದಂಡಗಳು ಸಮ, ಹಲ್ಲಿನ ಲೆಕ್ಕ ಬೇರೆ. 5.375ನ್ನು 4.875ರಿಂದ ಭಾಗಿಸಿದರೆ ಸುಮಾರು 1.10. ಅಂದರೆ ಹಿಂದಿನ ಗಾಲಿಗಳು 100 ಮೀಟರು ಹೋಗುವಷ್ಟರಲ್ಲಿ ಮುಂದಿನವು 110 ಮೀಟರು ಹೋಗಬೇಕೆನ್ನುತ್ತವೆ. ಗಾಡಿಯೋ ಒಂದೇ. ಒಂದೇ ನೊಗಕ್ಕೆ ಓಡುವ ಎತ್ತನ್ನೂ ನಡೆಯುವ ಎತ್ತನ್ನೂ ಕಟ್ಟಿದಂತಾಯಿತು. ಕೆಸರಿನಲ್ಲಾದರೆ ಟೈರು ಜಾರಿ ಆ ಹತ್ತು ಮೀಟರು ಹೇಗೋ ಕಳೆದುಹೋದೀತು, ಆದರೂ ಹಿಡಿತ ತಪ್ಪುತ್ತದೆ. ಗಟ್ಟಿ ನೆಲದಲ್ಲಿ ಜಾರಲು ಎಡೆಯಿಲ್ಲ. ಆ ಸೆಣಸು ದಂಡಗಳಲ್ಲೇ ಹುರಿಯಾಗಿ ಬಿಗಿದುಕೊಳ್ಳುತ್ತ ಹೋಗಿ ಸನ್ನೆಗೋಲು ಕಚ್ಚುತ್ತದೆ, ಕೊನೆಗೆ ಅತ್ಯಂತ ದುರ್ಬಲವಾದದ್ದು ಮುರಿಯುತ್ತದೆ. ಎಲ್ಲ ಸರಿಯಿರುವ ಜೀಪನ್ನೂ ಒಣ ಡಾಂಬರಿನಲ್ಲಿ ನಾಲ್ಕು ಗಾಲಿಗೆ ಹಾಕಿ ಓಡಿಸಬಾರದೆನ್ನುವುದು ಇದೇ ಕಾರಣಕ್ಕೆ: ತಿರುವಿನಲ್ಲಿ ಮುಂದಿನ ಗಾಲಿಗಳ ದಾರಿ ಹಿಂದಿನವುಗಳ ದಾರಿಗಿಂತ ಸ್ವಲ್ಪ ಉದ್ದ. ಆ ಸ್ವಲ್ಪವನ್ನೇ ತಾಳಲಾರದ್ದು ನೂರಕ್ಕೆ ಹತ್ತನ್ನು ಹೇಗೆ ತಾಳೀತು?

ಇನ್ನು ಮುಂದೆ ಎರಡು ದಾರಿಗಳಿದ್ದವು. ಹಿಂದಿನದಕ್ಕೆ ಮತ್ತೆ 39ರದನ್ನು ಹಾಕುವುದು, ಇಲ್ಲವೆ ಮುಂದಿನದನ್ನೂ 43ಕ್ಕೆ ತರುವುದು. ಖರ್ಚು ಎರಡಕ್ಕೂ ಹೆಚ್ಚುಕಡಿಮೆ ಒಂದೇ. ನನ್ನ ಹಾಸ್ಟೆಲಿಗೆಂದು ಇಟ್ಟಿದ್ದ ಹಣ. ನಾನು ಕಾಗದ ಪೆನ್ಸಿಲು ತೆಗೆದುಕೊಂಡೆ. ಎರಡು ವರ್ಷದ ಹಿಂದೆ ಅಪ್ಪಯ್ಯ ಮೂಲದ 6.00-16 ಟೈರುಗಳನ್ನು ತೆಗೆದು 7.00-16 ಹಾಕಿಸಿದ್ದರು. ಮೇಸ್ತ್ರಿಗಳ ಗ್ಯಾರೇಜಿನಲ್ಲಿದ್ದ ಹಳೆಯದೊಂದನ್ನು ಒಂದು ಸುತ್ತು ಉರುಳಿಸಿ ಅಳೆದೆ, 218 ಸೆಂಟಿಮೀಟರು. ನಮ್ಮದು 236. ದೊಡ್ಡ ಟೈರು ಎಂದರೆ ಅಷ್ಟರ ಮಟ್ಟಿಗೆ ಗೇರಿನ ಬಲ ಕುಗ್ಗಿದಂತೆಯೇ. ಆ ಲೆಕ್ಕದಲ್ಲಿ ನಮ್ಮ 4.875 ಚಿಕ್ಕ ಟೈರಿನ 4.50ಕ್ಕೆ ಇಳಿದುಹೋಗಿತ್ತು, ಅಪ್ಪಯ್ಯ ಎರಡು ವರ್ಷದಿಂದ ಏರಿನಲ್ಲಿ ಕ್ಲಚ್ಚು ಸುಟ್ಟುಕೊಳ್ಳುತ್ತಿದ್ದುದು ಇದಕ್ಕೇ. 5.375 ಹಾಕಿದರೆ ಅದು 4.96ರಷ್ಟಾಗಿ ಮೊದಲಿನದಕ್ಕಿಂತ ಒಂದಿಷ್ಟು ಮೇಲೆಯೇ ನಿಲ್ಲುತ್ತದೆ. ಮೊದಲನೆಯ ಗೇರಿನ 2.798, ಟ್ರಾನ್ಸ್‌ಫರ್ ಕೇಸಿನ ಕೆಳಗೇರಿನ 2.46, ಇವನ್ನೂ ಸೇರಿಸಿ ಗುಣಿಸಿದರೆ 39ರ ಜೋಡಿಯಲ್ಲಿ ಬಲ 33.5 ಪಟ್ಟು, 43ರದರಲ್ಲಿ 37 ಪಟ್ಟು. ನಷ್ಟವೂ ಉಂಟು: ಎಂಜಿನ್ 2000 ಸುತ್ತಿನಲ್ಲಿರುವಾಗ ಮೇಲಿನ ಗೇರಿನಲ್ಲಿ 58 ಕಿಲೋಮೀಟರು ಓಡುತ್ತಿದ್ದುದು 52.7ಕ್ಕೆ ಇಳಿಯುತ್ತದೆ. ಇದನ್ನು ಓದಿ ಹೇಳಿದಾಗ ಅಪ್ಪಯ್ಯ, "ನಮ್ಮ ದಾರೀಲಿ ಅರವತ್ತು ಓಡ್ಸೋದು ಯಾರು? ಮುಂದಿಂದೇ ಬದಲ್ಸು" ಎಂದರು. ನನ್ನ ಒಂದು ಪುಟದ ಲೆಕ್ಕಕ್ಕೆ ಒಂದೇ ಮಾತಿನ ತೀರ್ಪು.

ಈ ಸಲ ಜೋಡಿಯನ್ನು ಕೊಳ್ಳುವ ಮೊದಲು ಅಂಗಡಿಯಲ್ಲೇ ಕುಳಿತು ಹಲ್ಲು ಎಣಿಸಿದೆ. ಎರಡು ಸಲ. ಎರಡರ ಮೇಲೂ ಕೊರೆದ ಜೋಡಿ ಸಂಖ್ಯೆ ಒಂದೇ ಇದೆಯೇ ಎಂದೂ ನೋಡಿದೆ. ಕಾರ್ಖಾನೆಯಲ್ಲಿ ಜೊತೆಯಾಗಿ ಮಸೆದ ಕ್ರೌನ್-ಪಿನಿಯನ್ನುಗಳನ್ನು ಅಗಲಿಸಿ ಬೇರೆಯದರ ಜೊತೆ ಹಾಕಬಾರದು. 8 ಮತ್ತು 43ಕ್ಕೆ ಸಾಮಾನ್ಯ ಭಾಜಕವಿಲ್ಲದಿರುವುದು ಬೇಕೆಂದೇ ಮಾಡಿದ್ದೆಂದು ಮೇಸ್ತ್ರಿಗಳಿಂದ ತಿಳಿಯಿತು: ಪಿನಿಯನ್ನಿನ ಒಂದೊಂದು ಹಲ್ಲೂ ಸರದಿಯಂತೆ ಕ್ರೌನಿನ 43ನ್ನೂ ಮುಟ್ಟುತ್ತದೆ, ಸವೆತ ಎಲ್ಲಕ್ಕೂ ಹಂಚಿಹೋಗುತ್ತದೆ. ಅವರು ಅದನ್ನು 'ಭಾಜಕ' ಎನ್ನಲಿಲ್ಲ, "ಒಂದೇ ಹಲ್ಲು ಒಂದನ್ನೇ ಕಚ್ಚಬಾರ್ದು" ಎಂದರು.

ಕೆಲಸಕ್ಕೆ ಮೂರು ದಿನ ಹಿಡಿಯಿತು. ಎಣ್ಣೆ ಇಳಿಸಿ, ಎರಡು ಬದಿಯ ಅರೆದಂಡಗಳನ್ನು ಎಳೆದು, ಮುಚ್ಚಳ ತೆಗೆದು, ಬೇರಿಂಗಿನ ಕ್ಯಾಪುಗಳಿಗೆ ಪಂಚಿನಿಂದ ಎಡಬಲದ ಗುರುತು ಹೊಡೆಯುವವರೆಗೆ ಅವಸರದ ಕೈಯಾದರೂ ಸಾಕು. ಆ ಕ್ಯಾಪುಗಳು ಅದಲುಬದಲಾಗದಂತೆ ಮಾತ್ರ ಎಚ್ಚರವಿರಬೇಕು. ನಿಜವಾದ ಕೆಲಸ ಆಮೇಲಿನದು. ಪಿನಿಯನ್ನು ಕ್ರೌನಿನ ಕಡೆಗೆ ಎಷ್ಟು ಒಳಗೆ ಕೂರಬೇಕೆಂಬುದನ್ನು ಕಾಗದಕ್ಕಿಂತ ತೆಳುವಾದ ಶಿಮ್ ಎಂಬ ಉಕ್ಕಿನ ಬಿಲ್ಲೆಗಳು ನಿರ್ಧರಿಸುತ್ತವೆ. ಪಿನಿಯನ್ನಿನ ತುದಿಯಲ್ಲಿ ಸಣ್ಣದಾಗಿ ಒಂದು ಅಂಕಿ ಕೊರೆದಿರುತ್ತದೆ. ನಮ್ಮ ಹಳೆಯದರಲ್ಲಿ ಸೊನ್ನೆ, ಹೊಸದರಲ್ಲಿ ಕೂಡು ಮೂರು. ಅಂದರೆ ಇಂಚಿನ ಸಾವಿರದ ಮೂರು ಪಾಲಿನಷ್ಟು ಶಿಮ್ಮನ್ನು ಕಡಿಮೆ ಮಾಡಿ ಕೂರಿಸಬೇಕು. ಕಳೆಯುವ ಬದಲು ಕೂಡುವವರೇ ಹೆಚ್ಚೆಂದು ಮೇಸ್ತ್ರಿಗಳು ನಕ್ಕರು. ನಾನೂ ಮೊದಲು ಕೂಡಿದ್ದೆ.

ಸರಿಯಾಗಿ ಕುಳಿತಿದೆಯೇ ಎಂದು ನೋಡುವ ಬಗೆ ಬಹಳ ಚೆಂದ. ಗ್ರೀಸಿನಲ್ಲಿ ಕೆಮ್ಮಣ್ಣಿನಂಥ ಬಣ್ಣವನ್ನು ಕಲಸಿ ಕ್ರೌನಿನ ಐದಾರು ಹಲ್ಲುಗಳಿಗೆ ತೆಳುವಾಗಿ ಬಳಿದು, ಕೈಯಿಂದ ತಡೆ ಕೊಡುತ್ತ ತಿರುಗಿಸುತ್ತಾರೆ. ಪಿನಿಯನ್ನು ಒತ್ತಿದ ಕಡೆ ಬಣ್ಣ ಅಳಿಸಿ, ಹೆಬ್ಬೆಟ್ಟು ಒತ್ತಿದಂಥ ಗುರುತು ಮೂಡುತ್ತದೆ. ಅದು ಹಲ್ಲಿನ ನಡುವೆ ಬರಬೇಕು. ಮೊದಲ ಸಲ ಗುರುತು ಹಲ್ಲಿನ ಬುಡಕ್ಕೆ ಇಳಿದಿತ್ತು. ಪಿನಿಯನ್ನು ತೀರ ಒಳಗೆ ಹೋಗಿದೆಯೆಂದು ಅರ್ಥ. ಬಿಚ್ಚಿ, ಶಿಮ್ಮು ತೆಗೆದು, ಮತ್ತೆ ಕೂರಿಸಿದೆವು. ಈಗ ಮೇಲಕ್ಕೆ ಹೋಯಿತು. ಮೂರನೆಯ ಸಲ ನಡುವೆ ನಿಂತಿತು. ಬಳಿಕ ಎರಡು ಚಕ್ರಗಳ ನಡುವಣ ಸಡಿಲ, ಮೇಸ್ತ್ರಿಗಳ ಮಾತಿನಲ್ಲಿ 'ಪ್ಲೇ'. ಅದು ಇಂಚಿನ 0.005ರಿಂದ 0.007ರೊಳಗೆ ಇರಬೇಕು. ಕಡಿಮೆಯಾದರೆ ಬಿಸಿಯೇರಿ ಹಲ್ಲು ಕಚ್ಚುತ್ತದೆ, ಹೆಚ್ಚಾದರೆ ಪ್ರತಿ ಸಲ ಕ್ಲಚ್ಚು ಬಿಟ್ಟಾಗಲೂ ಸುತ್ತಿಗೆ ಏಟು. ಕ್ರೌನಿನ ಒಂದು ಬದಿಯ ಬೇರಿಂಗಿನ ಹಿಂದಿನಿಂದ ಶಿಮ್ಮು ತೆಗೆದು ಇನ್ನೊಂದು ಬದಿಗೆ ಹಾಕಿ ಇದನ್ನು ಸರಿಪಡಿಸುತ್ತಾರೆ; ಒಟ್ಟು ಮೊತ್ತ ಬದಲಾಗಬಾರದು. ಮೇಸ್ತ್ರಿಗಳು ಮೊದಲು ಕ್ರೌನನ್ನು ಎರಡು ಬೆರಳಿನಿಂದ ಅಲ್ಲಾಡಿಸಿ "ಆರು" ಎಂದರು. ಆಮೇಲೆ ಡಯಲ್ ಗೇಜು ಇಟ್ಟು ನೋಡಿದೆ. ಆರೇ ಇತ್ತು.

ಈ ಜೋಡಿಯ ಪಿನಿಯನ್ನು ಕ್ರೌನಿನ ಮಧ್ಯರೇಖೆಗೆ ಸರಿಯಾಗಿ ನಿಲ್ಲದೆ ಓರೆಯಾಗಿ ನಿಲ್ಲುವುದರಿಂದ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಉಜ್ಜುತ್ತವೆ. ಸಾಧಾರಣ ಎಂಜಿನ್ ಎಣ್ಣೆಯ ಪದರ ಆ ಒತ್ತಡಕ್ಕೆ ಹರಿದುಹೋಗುತ್ತದೆ. ಆದುದರಿಂದ ಹೈಪಾಯ್ಡ್ ಚಕ್ರಗಳಿಗೆಂದೇ ಇರುವ ಗಂಧಕದ ವಾಸನೆಯ ಗೇರ್ ಎಣ್ಣೆಯನ್ನೇ ಹಾಕಬೇಕು. ಹೊಸ ಜೋಡಿಯನ್ನು ಮೊದಲ ದಿನ ಹೊರೆಯಿಲ್ಲದೆ ಸ್ವಲ್ಪ ದೂರ ಓಡಿಸಿ, ಆರಲು ಬಿಟ್ಟು, ಮತ್ತೆ ಓಡಿಸಿದೆವು.

ಜೀಪನ್ನು ಮುಚ್ಚುವ ಮೊದಲು ಅಪ್ಪಯ್ಯ ಒಂದು ಡಬ್ಬಿ ಬಿಳಿ ಬಣ್ಣವನ್ನೂ ಸಣ್ಣ ಕುಂಚವನ್ನೂ ನನ್ನ ಕೈಗೆ ಕೊಟ್ಟು ಬಾನೆಟ್ಟನ್ನು ಎತ್ತಿ ಹಿಡಿದರು. ಅದರ ಒಳಮೈಯಲ್ಲಿ ನಾನು ಬರೆದೆ: ಮುಂದೆ 8-43, ಹಿಂದೆ 8-43. ಅಕ್ಷರಗಳನ್ನು ಬಿಟ್ಟು ಅಂಕಿಗಳನ್ನು ಮಾತ್ರ ಅವರು ಬೆರಳಿಟ್ಟು ಓದಿಕೊಂಡರು. ಐನೂರು ಕಿಲೋಮೀಟರು ಓಡಿದ ಮೇಲೆ ಎಣ್ಣೆ ಇಳಿಸಿ, ತಳದ ಮಡ್ಡಿಯಲ್ಲಿ ಅಯಸ್ಕಾಂತ ಆಡಿಸಿ ನೋಡಿದೆವು. ಬೂದಿಯಂಥ ನುಣ್ಣನೆಯ ಪುಡಿ ಹತ್ತಿತ್ತು, ಚೂರು ಒಂದೂ ಇರಲಿಲ್ಲ. ಮಾರನೆಯ ಬೆಳಗ್ಗೆ ಅಪ್ಪಯ್ಯ ಅದೇ ತೋಟಕ್ಕೆ ಗೊಬ್ಬರ ಹೇರಿಕೊಂಡು ಹೊರಟರು. ನಾನು ಎಂಟು ಗಂಟೆಯ ಬಸ್ಸಿಗೆ ಕಾಲೇಜಿಗೆ ಬಂದೆ.